ಸಾಹೇಬರ ಕುದುರೆಯ ಎಡಗಿವಿ

ಮನುಷ್ಯನೊಬ್ಬ ಹತ್ತೊಂಬತ್ತು ವರ್ಷ ತಾತ್ಕಾಲಿಕವಾಗಿ ಇರಬಲ್ಲ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೆ ನೀರು ಸರಬರಾಜು ಕಚೇರಿಯಲ್ಲಿ ಅದು ಸಾಧ್ಯವಾಗಿತ್ತು. ನಮ್ಮ ಬೀದಿಯ ಮೂರನೇ ಮನೆಯ ಆಸಾಮಿ ಅಲ್ಲಿ ಹತ್ತೊಂಬತ್ತು ವರ್ಷದಿಂದ ತಾತ್ಕಾಲಿಕ ನೌಕರ. ಅವನು ಸೇರಿದಾಗ ಇದ್ದ ಕುರ್ಚಿಗಳು ಹೋದವು, ಬೀರುಗಳು ಹೋದವು, ಮೂವರು ಸಾಹೇಬರು ಹಾರ ಹಾಕಿಸಿಕೊಂಡು ಹೋದರು, ಒಮ್ಮೆ ಕಟ್ಟಡದ ಚಾವಣಿಯೇ ಕುಸಿದು ಹೊಸದು ಬಂತು. ತಾತ್ಕಾಲಿಕವಾದದ್ದು ಮಾತ್ರ ಅಲ್ಲಾಡದೆ ಉಳಿಯಿತು. ಅವನ ಹೆಸರು ಹಾಜರಿ ಪುಸ್ತಕಕ್ಕೂ ಮರೆತುಹೋಗಿ, ಎಲ್ಲರೂ ಅವನನ್ನು ‘ಟೆಂಪರವರಿ’ ಎಂದೇ ಕರೆಯುತ್ತಿದ್ದರು. ಹೆಂಡತಿ ಮಾತ್ರ ‘ರೀ’ ಅನ್ನುತ್ತಿದ್ದಳು. ಅದೊಂದಾದರೂ ಖಾಯಂ ಎಂದು ಅವನು ನಂಬಿದ್ದ.

ಕಚೇರಿಯ ಹಿಂದಿನ ಶೆಡ್ಡಿನಲ್ಲಿ, ತುಕ್ಕು ಹಿಡಿದ ಪೈಪುಗಳ ಮತ್ತು ಒಡೆದ ಮೀಟರುಗಳ ಅಡಿಯಲ್ಲಿ, ಅವನಿಗೆ ಒಂದು ತೂಗುಕುದುರೆ ಸಿಕ್ಕಿದ್ದೇ ಮುಂದಿನ ಎಲ್ಲ ಅನರ್ಥಕ್ಕೂ ಮೂಲ. ಮರದ ಕುದುರೆ, ಕಾಲಿನ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಪಟ್ಟಿ. ಮೇಲೆ ಕೂತವರು ಹಿಂದಕ್ಕೆ ಮುಂದಕ್ಕೆ ಎಷ್ಟು ಬೇಕಾದರೂ ತೂಗಬಹುದು, ಎಲ್ಲಿಗೂ ತಲುಪುವುದಿಲ್ಲ. ತನ್ನ ನೌಕರಿಗೂ ಇದಕ್ಕೂ ಇರುವ ಹೋಲಿಕೆ ಅವನಿಗೆ ಹೊಳೆಯಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಹೆಂಡತಿಗೆ ಹೊಳೆಯಿತು. “ಒಳ್ಳೇ ಜೋಡಿ” ಅಂದಳು.

ರದ್ದಿಗೆ ಹೋಗಬೇಕಿದ್ದ ಆ ಕುದುರೆಯನ್ನು ಕೇಳಿ ಪಡೆದು ಮನೆಗೆ ತಂದ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಎರಡು ತುಂಡಾಗಿದ್ದ ಪಟ್ಟಿಯನ್ನು ಎದುರುಮನೆಯ ಬಡಗಿ ಕೂಡಿಸಿಕೊಟ್ಟ. ಮಾರನೇ ದಿನ ಕಚೇರಿಯಲ್ಲಿ ಹೆಡ್ ಕ್ಲರ್ಕಿನ ಮುಂದೆ ಟೆಂಪರವರಿ ಎದೆ ಸೆಟೆಸಿ ಹೇಳಿದ್ದು ಹೀಗೆ: “ನೂರಿಪ್ಪತ್ತು ವರ್ಷದ ಹಳೇದು ಸಾರ್. ನಾನೇ ರಿಪೇರಿ ಮಾಡ್ದೆ. ಈ ವಿದ್ಯೆ ಎಲ್ರಿಗೂ ಒಲಿಯಲ್ಲ.”

ನಾವು ಅವನನ್ನು ದೂಷಿಸುವುದಿಲ್ಲ. ಹತ್ತೊಂಬತ್ತು ವರ್ಷ ‘ಏ, ಬಾ ಇಲ್ಲಿ’ ಅನ್ನಿಸಿಕೊಂಡವನು ಜೀವಮಾನದಲ್ಲಿ ಒಮ್ಮೆ ‘ನಾನೇ’ ಅಂದ. ದೊಡ್ಡವರು ದಿನಕ್ಕೆ ನೂರು ಸಲ ಅನ್ನುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಇವನಿಗೆ ಮಧ್ಯಾಹ್ನದ ಹೊತ್ತಿಗೇ ಆಯಿತು. ಸಾಹೇಬರು ಕರೆಸಿದರು.

“ಏನಯ್ಯ, ನೀನು ಕುದುರೆ ರಿಪೇರಿ ಮಾಡ್ತೀಯಂತೆ?”

“ಮರದ್ದು ಸಾರ್.”

“ಗೊತ್ತು ಕಣಯ್ಯ, ಜೀವ ಇರೋದನ್ನ ನಿನಗ್ಯಾರು ಕೊಡ್ತಾರೆ? ನಮ್ಮನೇಲೊಂದಿದೆ, ತಾತನ ಕಾಲದ್ದು. ಭಾನುವಾರ ಅಮ್ಮನಿಗೆ ಎಂಬತ್ತೈದು ತುಂಬುತ್ತೆ. ಡೈರೆಕ್ಟರ್ ಸಾಹೇಬರೂ ಬರ್ತಾರೆ. ಅಷ್ಟರಲ್ಲಿ ಕುದುರೆ ಫಳಫಳ ಅನ್ಬೇಕು.”

“ಸಾರ್, ನಾನು ಅಷ್ಟೊಂದು...”

“ನಿನ್ನ ಖಾಯಂ ಫೈಲು ನನ್ನ ಹತ್ರಾನೇ ಇದೆಯಲ್ವಾ?”

“ಆರು ವರ್ಷದಿಂದ ಇದೆ ಸಾರ್.”

“ಕುದುರೆ ಆಗ್ಲಿ. ನೋಡೋಣ.”

ಅಧಿಕಾರಿಗಳ ನಿಘಂಟಿನಲ್ಲಿ ‘ನೋಡೋಣ’ ಎಂದರೆ ಕಣ್ಣು ಮುಚ್ಚಿಕೊಳ್ಳುವುದು. ಟೆಂಪರವರಿಗೆ ಇದು ತಿಳಿಯದ್ದಲ್ಲ. ಮೊದಲನೇ ಸಾಹೇಬರ ನಾಯಿಯನ್ನು ಅವನು ನಾಲ್ಕು ವರ್ಷ ತಿರುಗಾಡಿಸಿದ್ದ. ಎರಡನೆಯವರ ಮಾವನ ಬೆನ್ನು ತಿಕ್ಕಿದ್ದ. ಮೂರನೆಯವರು ಮನೆ ಬದಲಿಸಿದಾಗ ಬೀರುವಿನ ಕೆಳಗೆ ಸಿಕ್ಕಿ ಹೆಬ್ಬೆರಳಿನ ಉಗುರು ಕಳೆದುಕೊಂಡಿದ್ದ. ಉಗುರು ಮತ್ತೆ ಬೆಳೆಯಿತು, ನೌಕರಿ ಬೆಳೆಯಲಿಲ್ಲ. ಆದರೂ ಆಸೆಯೆನ್ನುವುದು ಇದೆಯಲ್ಲ, ಅದು ಬಡವರ ಮನೆಯ ಬಾಡಿಗೆ ಕೊಡದ ಬಾಡಿಗೆದಾರ. ಎಷ್ಟು ಹೊರಗೆ ಹಾಕಿದರೂ ಹಿತ್ತಿಲಿಂದ ಒಳಗೆ ಬರುತ್ತದೆ.

ಸಾಹೇಬರ ಕುದುರೆ ನಮ್ಮ ಬೀದಿಗೆ ಬಂದದ್ದು ಕಚೇರಿಯ ನೀರಿನ ಟ್ಯಾಂಕರಿನ ಮೇಲೆ. ಆ ವಾರ ನಮಗೆ ಒಂದು ತೊಟ್ಟೂ ನೀರು ಬಿಟ್ಟಿರಲಿಲ್ಲ. ಟ್ಯಾಂಕರಿನ ಸದ್ದು ಕೇಳಿದ್ದೇ ತಡ, ಬಕೆಟ್ಟು, ಬಿಂದಿಗೆ, ಮಗುವಿನ ಸ್ನಾನದ ತೊಟ್ಟಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಇಡೀ ಬೀದಿ ಓಡಿಬಂತು. ಇಳಿದದ್ದು ಕುದುರೆ. ಟ್ಯಾಂಕರು ಖಾಲಿ.

ನಿವೃತ್ತ ಹೆಡ್‌ಮಾಸ್ತರರು ಬಕೆಟ್ಟನ್ನು ಕೆಳಗಿಟ್ಟು, “ಇದಕ್ಕೆ ಕುಡಿಯೋಕಾದ್ರೂ ನೀರು ತಂದಿದ್ದೀರೇನಪ್ಪಾ?” ಎಂದು ಡ್ರೈವರನ್ನು ಕೇಳಿದರು. ಡ್ರೈವರು ಗಾಡಿ ತಿರುಗಿಸಿಕೊಂಡು ಹೊರಟ. ಅವನೂ ತಾತ್ಕಾಲಿಕ.

ಕುದುರೆಯ ಬೂದುಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು. ಗಾಜಿನ ಕಣ್ಣು ಒಂದೇ ಇತ್ತು. ಬಾಲದ ಕೂದಲು ಮುಕ್ಕಾಲು ಉದುರಿತ್ತು. ಜೀನಿನ ಚರ್ಮ ಬಿರಿದು ಒಳಗಿನ ಹುಲ್ಲು ಹೊರಗೆ ಇಣುಕುತ್ತಿತ್ತು. ಎಡಗಿವಿಯ ತುದಿಯಲ್ಲಿ ನಾಲ್ಕು ಪುಟ್ಟ ಕುಳಿಗಳಿದ್ದವು. ಬಡಗಿ ಸುತ್ತ ಒಂದು ಸುತ್ತು ಬಂದು, ಹೊಟ್ಟೆಗೆ ಕಿವಿಯಿಟ್ಟು ತಟ್ಟಿ, “ಮರ ಗಟ್ಟಿಯಿದೆ ಅಣ್ಣ. ಸಡಿಲ ಆಗಿರೋದನ್ನ ಬಿಗಿ ಮಾಡು, ಕಳೆದಿರೋದನ್ನ ಸೇರಿಸು. ಇರೋದನ್ನ ಮಾತ್ರ ಮುಟ್ಟಬೇಡ” ಅಂದ.

“ಮುಟ್ಟದೇ ಇದ್ರೆ ನಾನು ಕೆಲಸ ಮಾಡಿದೀನಿ ಅಂತ ಅವರಿಗೆ ಗೊತ್ತಾಗೋದು ಹೇಗೆ?”

“ಗೊತ್ತಾಗಬಾರದು. ಹಳೇ ಸಾಮಾನಿನ ಕೆಲಸ ಅಂದ್ರೆ ಅದೇ.”

ಇದು ಟೆಂಪರವರಿಯ ತಲೆಗೆ ಹೋಗಲಿಲ್ಲ. ಕಚೇರಿಯಲ್ಲಿ ಮಾಡದ ಕೆಲಸವೂ ಎದ್ದು ಕಾಣಬೇಕು. ಇಲ್ಲಿ ಮಾಡಿದ ಕೆಲಸವೂ ಕಾಣಬಾರದಂತೆ! ಅವನು ಉಪ್ಪುಕಾಗದ ತೆಗೆದುಕೊಂಡು ಮೂರು ದಿನ ತಿಕ್ಕಿದ. ನೂರು ವರ್ಷದ ಬಣ್ಣ ಪುಡಿಯಾಗಿ ನಮ್ಮೆಲ್ಲರ ಒಗೆದ ಬಟ್ಟೆಯ ಮೇಲೆ ಕೂತಿತು. ಅವನ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆ ನಡೆಸಿದರು.

“ಅಳಿಯಂದಿರೇ, ತೊಡೆ ಸಂದಿಯಲ್ಲಿ ಬಿಟ್ಟುಹೋಗಿದೆ.”

“ನೋಡ್ತೀನತ್ತೆ.”

“ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದ್ದೀರಿ. ತಿಕ್ಕಿ.”

ಪೈಪು ಸೋರಿದರೆ ಮೆತ್ತುವ ಪುಟ್ಟಿ ಕಚೇರಿಯಿಂದ ಬಂತು. ಕಪ್ಪನೆಯದೊಂದು ಉಂಡೆ, ಬಿಳಿಯದೊಂದು ಉಂಡೆ. ಎರಡನ್ನೂ ಕಲಸಿ ಮೆತ್ತಿದರೆ ಇಪ್ಪತ್ತು ನಿಮಿಷದಲ್ಲಿ ಕಲ್ಲು. ಕುದುರೆಯ ಮೈಯಲ್ಲಿ ಎಲ್ಲೆಲ್ಲಿ ಗೀರು, ಕುಳಿ, ಬಿರುಕು ಕಂಡವೋ ಅಲ್ಲೆಲ್ಲ ಮೆತ್ತಿದ. ಹೆಂಡತಿಯ ಕಪ್ಪು ನೂಲಿನ ಹನ್ನೆರಡು ಉರುಳೆ ಬಾಲವಾಯಿತು. ಹೊಸದಾಗಿ ಬಿಳಿ ಬಳಿದ ಮೈಮೇಲೆ ವಾಲ್ವುಗಳಿಗೆ ಬಳಿಯುವ ನೀಲಿಬಣ್ಣದ ಚುಕ್ಕಿಗಳು ಮೂಡಿದವು. ಶುಕ್ರವಾರ ಸಂಜೆಯ ಹೊತ್ತಿಗೆ ಅದು ಕಚೇರಿಯ ನೀರಿನ ತೊಟ್ಟಿಯಷ್ಟೇ ಹೊಳೆಯುತ್ತಿತ್ತು.

ಆಗ ಹೆಡ್ ಕ್ಲರ್ಕು ತಪಾಸಣೆಗೆ ಬಂದರು. ಅವರು ಎಲ್ಲಿಗೆ ಹೋದರೂ ಹೆಗಲಿಗೊಂದು ಫೈಲುಗಳ ಚೀಲ ಇರುತ್ತದೆ. ಸಾಹೇಬರು ಎಲ್ಲಿ ಕೂತರೆ ಅಲ್ಲೇ ಕಚೇರಿ ಎಂಬುದು ಅವರ ನಂಬಿಕೆ. ಕುದುರೆಯನ್ನು ಕಂಡು ತಲೆದೂಗಿದರು, ಬಾಲ ಸವರಿದರು, ಎಡಗಿವಿಯ ಹತ್ತಿರ ಬಂದವರು ನಿಂತುಬಿಟ್ಟರು.

“ಇಲ್ಲಿದ್ದಿದ್ದು ಎಲ್ಲಯ್ಯ?”

“ಇಲಿ ಕಡಿದಿತ್ತು ಸಾರ್. ಗುರುತೇ ಇಲ್ಲದ ಹಾಗೆ ಮುಚ್ಚಿದೀನಿ.”

ಹೆಡ್ ಕ್ಲರ್ಕು ಚೀಲವನ್ನು ಎದೆಗೆ ಅವುಚಿಕೊಂಡರು. ಕೂರಲು ಹತ್ತಿರ ಬೇರೇನೂ ಇರದ ಕಾರಣ ಕುದುರೆಯ ಮೇಲೇ ಕೂತರು. ಅದು ತೂಗತೊಡಗಿತು.

“ಇಲಿ ಅಲ್ಲ ಕಣಯ್ಯ, ಸಾಹೇಬರು!”

“ಸಾಹೇಬರು ಕಡಿದ್ರಾ?”

“ಮೂರು ವರ್ಷದವರಿದ್ದಾಗ!” ಅವರು ಮುಂದಕ್ಕೆ ಬಂದರು. “ಇಳಿಯೋ ಅಂದಿದ್ದಕ್ಕೆ ಕಿವಿ ಕಚ್ಚಿ ಹಿಡ್ಕೊಂಡ್ರಂತೆ.” ಹಿಂದಕ್ಕೆ ಹೋದರು. “ಪ್ರತಿ ಸಭೇಲೂ ಹೇಳ್ತಾರಲ್ಲ, ಹಿಡಿದ ಪಟ್ಟು ಬಿಡದವನು ನಾನು, ಸಾಕ್ಷಿ ನಮ್ಮನೆ ಕುದುರೆ ಅಂತ. ನೀನು ಭಾಷಣ ಕೇಳಿಲ್ವಾ?”

“ಭಾಷಣದ ಹೊತ್ತಲ್ಲಿ ನಾನು ಕಾರು ಒರೆಸ್ತಿರ್ತೀನಿ ಸಾರ್.”

“ಅಮ್ಮಾವ್ರಿಗೆ ಕಣ್ಣು ಕಾಣಲ್ಲ. ದಿನಾ ಆ ಕಿವಿ ಮುಟ್ಟಿ, ಮಗನ ಹಲ್ಲು ನಾಲ್ಕೂ ಎಣಿಸಿ, ಆಮೇಲೇನೇ ಕಾಫಿ. ಈ ನಾಲ್ಕು ದಿನ ಅವರು ಕಾಫಿ ಕುಡಿದಿದ್ದೇ ಕಷ್ಟದಲ್ಲಿ. ಭಾನುವಾರ ಎಲ್ರ ಎದುರಿಗೆ ಮುಟ್ತಾರೆ. ನಿನ್ನ ಫೈಲು ಅಲ್ಲಿಗೆ ಮುಗೀತು. ಇಳಿಸಯ್ಯ ನನ್ನ.”

ಬಡಗಿಯನ್ನು ಕರೆದರು. ಅವನು ಉಳಿಯ ತುದಿಯಿಂದ ಕಿವಿಯನ್ನು ಮುಟ್ಟಿ ನೋಡಿ ಕೈ ಚೆಲ್ಲಿದ. “ಒಳಗೆ ಕಲ್ಲಾಗಿದೆ. ತೆಗೆಯೋಕೆ ಹೋದ್ರೆ ಕಿವಿ ಸಮೇತ ಬರುತ್ತೆ. ಮುಟ್ಟಬೇಡ ಅಂದಿದ್ದೆ.” ಮೇಲೆ ಹೊಸದಾಗಿ ತೆಳ್ಳಗೆ ಪುಟ್ಟಿ ಮೆತ್ತಿ ಗುರುತು ಮೂಡಿಸುವುದೊಂದೇ ದಾರಿ ಎಂದಾಯಿತು. ಬಡಗಿ ಉಳಿಯಲ್ಲಿ ಕೆತ್ತಿದ ಹಲ್ಲುಗಳು ಹೆಂಚಿನ ಸಾಲಿನ ಹಾಗೆ ಬಂದವು. ಹಲ್ಲಿನ ಗುರುತು ಹಲ್ಲಿನಿಂದಲೇ ಬರಬೇಕು.

ಶನಿವಾರ ಇಡೀ ದಿನ ನಮ್ಮ ಬೀದಿಯಲ್ಲಿ ನಡೆದದ್ದನ್ನು ಬರೆಯಲು ಲೇಖನಿ ನಾಚುತ್ತದೆ. ಕುದುರೆಯನ್ನು ಹೊಸ್ತಿಲ ಮುಂದೆ ನಿಲ್ಲಿಸಿ, ಕಿವಿಗೆ ಪುಟ್ಟಿ ಮೆತ್ತಿ, ಟೆಂಪರವರಿ ಹೋಗಿ ಬರುವವರ ಬಾಯನ್ನೇ ನೋಡುತ್ತ ನಿಂತ.

ಮೊದಲು ಬಂದವರು ಹೆಡ್‌ಮಾಸ್ತರರು. ಕನ್ನಡಕ ತೆಗೆದಿಟ್ಟು, ಗಂಟಲು ಸರಿಪಡಿಸಿಕೊಂಡು, ಪಾಠ ಆರಂಭಿಸುವವರಂತೆ ಕಚ್ಚಿದರು. ಗುರುತು ಎಮ್ಮೆ ಕಚ್ಚಿದ ಹಾಗಿತ್ತು. “ಮೂರು ವರ್ಷದ ಮಗು ಅಂತ ನಂಬೋಕಾಗಲ್ಲ ಸಾರ್” ಎಂದ ಟೆಂಪರವರಿ. ಮೂವತ್ತು ವರ್ಷ ಬರೀ ತಪ್ಪು ತಿದ್ದಿದವರು ತಮ್ಮದೇ ತಪ್ಪು ಕೇಳಿ ಬೇಸರಪಟ್ಟು ಹೋದರು.

ಪಕ್ಕದ ಮನೆಯ ಹೆಣ್ಣುಮಗುವಿಗೆ ಎರಡೂ ಮುಕ್ಕಾಲು ವರ್ಷ. ಅವಳ ಅಮ್ಮ ಮೊದಲು, “ನಮ್ಮ ಮಗು ಏನು ನಾಯಿಮರೀನಾ?” ಎಂದು ಬಾಗಿಲು ಹಾಕಿಕೊಂಡಳು. ಟೆಂಪರವರಿಯ ಹೆಂಡತಿ ಒಂದು ಫ್ರಾಕು ಹೊಲಿದುಕೊಡುತ್ತೇನೆ ಅಂದ ಮೇಲೆ ಬಾಗಿಲು ತೆರೆಯಿತು. ಮಗುವನ್ನು ಎತ್ತಿ ಕಿವಿಯ ಹತ್ತಿರ ಹಿಡಿದರು. ಅದು ಮೂಸಿ ನೋಡಿತು. ನೆಕ್ಕಿತು. ಮುಖ ಸಿಂಡರಿಸಿತು. ಟೆಂಪರವರಿ “ಕಚ್ಚು ಪುಟ್ಟಾ, ಆಂ ಅನ್ನು” ಎಂದು ಹೆಬ್ಬೆರಳಿನಿಂದ ತೋರಿಸಿದ. ಅದು ಹೆಬ್ಬೆರಳನ್ನು ಕಚ್ಚಿತು. ಗುರುತು ಬಲು ಚೆನ್ನಾಗಿ ಮೂಡಿತು. ನಾಲ್ಕು ಹಲ್ಲು, ಬೇಕಾದ ಹಾಗೆಯೇ. ಜಾಗ ಮಾತ್ರ ತಪ್ಪು.

ಅಷ್ಟರಲ್ಲಿ ಬೀದಿಯ ಕೊನೆಯ ಮನೆಯ ಅಜ್ಜಿ ಖಾಲಿ ಬಿಂದಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತರು. “ಅಲ್ಲಯ್ಯ, ಹತ್ತು ದಿನದಿಂದ ನಲ್ಲಿಯಲ್ಲಿ ಗಾಳಿ ಬರ್ತಿದೆ. ನೀರು ಬಿಡದ ಸಾಹೇಬನಿಗೆ ನಾವು ಹಲ್ಲು ಕೊಡಬೇಕಾ? ಕಚ್ಚೋದೇ ಆದ್ರೆ ಅವನನ್ನೇ ಕರಕೊಂಡು ಬಾ, ನಾನು ಕಚ್ತೀನಿ.”

ಅಜ್ಜಿಗೆ ಚಪ್ಪಾಳೆ ಬಿತ್ತು. ಕಚ್ಚಲು ಸಾಲು ನಿಂತವರೂ ಅದರೊಂದಿಗೆ ಚದುರಿದರು. ಸಂಜೆಗೆ ಏಳು ಜನರ ಕಚ್ಚು ತಿರಸ್ಕಾರವಾಗಿ, ಏಳು ಸಲ ಗಟ್ಟಿಯಾಗುವ ಮೊದಲೇ ಪುಟ್ಟಿ ಕೆರೆದು ತೆಗೆದು, ಕೊನೆಗೆ ಒಂದೇ ಜೊತೆ ಉಂಡೆ ಉಳಿಯಿತು. ಟೆಂಪರವರಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತ.

“ನಾಳೆ ಹೋಗಿ ಕಾಲಿಗೆ ಬೀಳ್ತೀನಿ” ಅಂದ.

“ಹೋದ ಹತ್ತೊಂಬತ್ತು ವರ್ಷ ಎಲ್ಲಿ ಬಿದ್ದಿದ್ರಿ?” ಎಂದಳು ಹೆಂಡತಿ. “ಆ ಉಂಡೆಗಳನ್ನ ಚೀಲಕ್ಕೆ ಹಾಕಿ. ನಾನೂ ಬರ್ತೀನಿ.”

ಭಾನುವಾರ ಬೆಳಿಗ್ಗೆ ಕುದುರೆಯನ್ನು ಹೊತ್ತು ಸಾಹೇಬರ ಬಂಗಲೆಗೆ ಹೋದವರು ನಾವು ಬೀದಿಯವರೇ. ಟ್ಯಾಂಕರು ಬಂದಿರಲಿಲ್ಲ, ಅಂದು ಅದು ಸಾಹೇಬರ ತೋಟಕ್ಕೆ ನೀರು ಹಾಕುತ್ತಿತ್ತು. ಅಂಗಳದ ತುಂಬ ಕುರ್ಚಿ. ಮುಂದಿನ ಸಾಲಿನಲ್ಲಿ ಡೈರೆಕ್ಟರ್ ಸಾಹೇಬರು, ಅವರ ಪಕ್ಕ ಬೆಳ್ಳಗಿನ ಸೀರೆಯಲ್ಲಿ ಅಮ್ಮಾವ್ರು. ನಾವು ಕುದುರೆಯನ್ನು ಹಿಂದಿನ ಕೋಣೆಯಲ್ಲಿ ಇಳಿಸಿ ಗೋಡೆಗಂಟಿ ನಿಂತೆವು.

ಸಾಹೇಬರು ಬಂದರು. ನೀಲಿ ಚುಕ್ಕಿ ನೋಡಿ, “ಪರವಾಗಿಲ್ಲ, ಫಳಫಳ ಅಂತಿದೆ” ಅಂದರು. ಆಮೇಲೆ ಕಿವಿ ಮುಟ್ಟಿದರು. ಅವರ ಮುಖದಲ್ಲಿ ರಕ್ತ ಏರಿದ್ದನ್ನು ನಾವು ಹಂತಹಂತವಾಗಿ ಕಂಡೆವು.

“ನನ್ನ ಹಲ್ಲನ್ನ ಪುಟ್ಟಿ ಹಾಕಿ ಮುಚ್ಚಿದ್ದೀಯಾ?”

“ಇಲಿ ಅಂದ್ಕೊಂಡೆ ಸಾರ್.”

“ಇಲಿ! ಕೇಳಿದ್ರೇನ್ರೀ ಹೆಡ್ ಕ್ಲರ್ಕೇ, ನಾನು ಇಲಿಯಂತೆ! ನಾಳೆಯಿಂದ ಕಚೇರಿ ಮೆಟ್ಟಿಲು ಹತ್ತಬೇಡ ನೀನು. ಖಾಯಂ ಅಲ್ಲ, ತಾತ್ಕಾಲಿಕಾನೂ ಇಲ್ಲ. ಹೊರಟ್ಹೋಗು!”

ಟೆಂಪರವರಿ ಬಾಗಿದ. ಎಲ್ಲಿ ಬೀಳಬೇಕೆಂದು ಜಾಗ ಹುಡುಕುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಚೀಲದಿಂದ ಉಂಡೆಗಳನ್ನು ತೆಗೆದು ಕಲಸುತ್ತ ಮುಂದೆ ಬಂದಳು.

“ಕೋಪ ಮಾಡ್ಕೋಬೇಡಿ ಸಾರ್. ಕುದುರೆ ನಿಮ್ದು, ಹಲ್ಲೂ ನಿಮ್ದೇ. ಇನ್ನೊಂದು ಸಲ ಕಚ್ಚಿಬಿಡಿ.”

ಹೊರಗೆ ಯಾರೋ ಮೈಕು ತಟ್ಟಿದರು.

“ನಕಲು ಅನ್ನೋ ಹಾಗೇ ಇಲ್ಲ ಸಾರ್” ಎಂದರು ಹೆಡ್ ಕ್ಲರ್ಕು. “ಅದೇ ಕುದುರೆ, ಅದೇ ಬಾಯಿ.”

ಸಾಹೇಬರು ಬಾಗಿಲ ಕಡೆ ನೋಡಿದರು, ಗಡಿಯಾರ ನೋಡಿದರು, ನಮ್ಮನ್ನು ನೋಡಲಿಲ್ಲ. ಕಿವಿಗೆ ಪುಟ್ಟಿ ಮೆತ್ತಿಯಾಗಿತ್ತು. ಮೊದಲು ಹಲ್ಲಿಗೆ ಚೂರು ಎಣ್ಣೆ ಸವರಿದರೆ ಅಂಟುವುದಿಲ್ಲ ಎಂದು ಬಡಗಿಗೆ ಗೊತ್ತಿತ್ತು. ಆದರೆ ಹೇಳುವವರು ಯಾರು? ಇಷ್ಟು ವರ್ಷ ಬೆಣ್ಣೆ ಹಚ್ಚುತ್ತ ಬಂದ ಕಚೇರಿಗೆ ಅಂದು ಎಣ್ಣೆ ಹಚ್ಚುವವರು ಸಿಗಲಿಲ್ಲ. ಸಾಹೇಬರು ಬಗ್ಗಿ, ಕುದುರೆಯ ಕುತ್ತಿಗೆ ತಬ್ಬಿಕೊಂಡು, ಹಿಡಿದ ಪಟ್ಟು ಬಿಡದವರ ಹಾಗೆ ಕಚ್ಚಿದರು. ತಲೆ ಎತ್ತಿದರು.

ತಲೆ ಬಂತು. ಹಲ್ಲು ಬರಲಿಲ್ಲ.

ಮೇಲಿನ ಸಾಲು ಪೂರ್ತಿ, ಗುಲಾಬಿ ಬಣ್ಣದ ವಸಡಿನ ಸಮೇತ, ಕುದುರೆಯ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಸಾಹೇಬರ ಮುಖ ಅರ್ಧ ಖಾಲಿಯಾದ ಚೀಲದಂತೆ ಕುಸಿದಿತ್ತು. ಕುದುರೆ ಕಿವಿಯಲ್ಲಿ ನಗುತ್ತಿತ್ತು. ನಮ್ಮಲ್ಲಿ ಯಾರೂ ನಗಲಿಲ್ಲ. ಅದಕ್ಕೆ ನಾವು ಪಟ್ಟ ಕಷ್ಟ ನಮಗೇ ಗೊತ್ತು. ಹೆಡ್‌ಮಾಸ್ತರರು ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದರು.

ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಿವಿಯ ಕಡೆ ಹುಚ್ಚರ ಹಾಗೆ ತೋರಿಸಿದರು. ಟೆಂಪರವರಿಯ ಹೆಂಡತಿ ನಿಧಾನವಾಗಿ ಕೇಳಿದಳು.

“ರೀ, ಇದು ಎಷ್ಟು ಹೊತ್ತಿಗೆ ಗಟ್ಟಿ ಆಗುತ್ತೆ?”

“ಇಪ್ಪತ್ತು ನಿಮಿಷ ಕಣೇ. ಆಮೇಲೆ ಕಲ್ಲು. ಹಲ್ಲು ಬರಲ್ಲ.”

“ಈಗ?”

“ಈಗ ಒದ್ದೆ ಚಾಕು ಇಳಿಸಿದ್ರೆ ಬಿಡುತ್ತೆ. ಆದ್ರೆ ಕೈ ನಡುಗಬಾರದು. ಚೂರು ಆಚೀಚೆ ಆದ್ರೂ ಮುರಿದೇ ಹೋಗುತ್ತೆ.”

“ನಿಮ್ಮ ಕೈ ನಡುಗ್ತಾ ಇದೆಯಲ್ರೀ.”

ಎಲ್ಲರೂ ನೋಡಿದೆವು. ಎರಡೂ ಕೈ ಗಡಗಡ ನಡುಗುತ್ತಿದ್ದವು.

“ಹತ್ತೊಂಬತ್ತು ವರ್ಷದಿಂದ ಹೀಗೇ ಸಾರ್” ಎಂದಳು ಸಾಹೇಬರಿಗೆ. “ನಾಳೆ ಕೆಲಸ ಇರುತ್ತೋ ಇಲ್ವೋ ಅಂತ. ಖಾಯಂ ಆದೋರಿಗೆ ಇದು ನಿಂತು ಹೋಗುತ್ತಂತೆ.”

“ಅಯ್ಯೋ, ಅದಕ್ಕಲ್ವೇ” ಎಂದ ಟೆಂಪರವರಿ, ಪಾಪ, ಪ್ರಾಮಾಣಿಕವಾಗಿ. “ಬೆಳಿಗ್ಗೆ ಏನೂ ತಿಂದಿಲ್ಲ, ಅದಕ್ಕೇ...”

“ನೀವು ಸುಮ್ನಿರಿ.”

ಹೊರಗೆ ಮೈಕಿನಲ್ಲಿ, “ಈಗ ನಮ್ಮ ನೆಚ್ಚಿನ ಸಾಹೇಬರು ಎರಡು ಮಾತು...” ಎಂದು ಕೇಳಿಬಂತು. ಚಪ್ಪಾಳೆಯೂ ಬಂತು. ಸಾಹೇಬರು ಹೆಡ್ ಕ್ಲರ್ಕಿನ ಚೀಲದ ಕಡೆ ನೋಡಿದರು.

ಆರು ವರ್ಷದಿಂದ ಆ ಫೈಲನ್ನು ಕೇಳಿದಾಗಲೆಲ್ಲ ‘ಹುಡುಕಬೇಕು’ ಅನ್ನುತ್ತಿದ್ದ ಹೆಡ್ ಕ್ಲರ್ಕು ಒಂದೇ ಉಸಿರಿಗೆ ಅದನ್ನು ಹೊರಗೆ ಎಳೆದರು. ಕುದುರೆಯ ಬೆನ್ನೇ ಮೇಜಾಯಿತು. ಅದು ತೂಗುತ್ತಿದ್ದುದರಿಂದ ಬಡಗಿ ಪಟ್ಟಿಯನ್ನು ಕಾಲಲ್ಲಿ ಮೆಟ್ಟಿ ಹಿಡಿದ. ಸಾಹೇಬರು ರುಜು ಹಾಕಿದರು.

“ತಾರೀಖು ಸಾರ್” ಎಂದಳು ಆಕೆ.

ತಾರೀಖು ಬಿತ್ತು.

“ಸೀಲು?”

ಸೀಲೂ ಚೀಲದಲ್ಲೇ ಇತ್ತು. ಹೆಡ್ ಕ್ಲರ್ಕು ಹಬೆಯೂದಿ ಒತ್ತಿದರು. ಆಕೆ ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನವರೆಗೆ ಓದಿ, ಗಂಡನ ಪ್ರತಿಯನ್ನು ಮಡಿಚಿ ಸೆರಗಿಗೆ ಸಿಕ್ಕಿಸಿಕೊಂಡಳು. “ಈಗ ಬಿಡಿಸ್ರೀ.”

ಸತ್ಯ ಹೇಳಬೇಕೆಂದರೆ ಟೆಂಪರವರಿಯ ಕೈ ಆಗಲೂ ನಡುಗುತ್ತಲೇ ಇತ್ತು. ಚಾಕು ಮಾತ್ರ ನೆಟ್ಟಗೆ ಹೋಯಿತು. ಹದಿನೇಳನೇ ನಿಮಿಷಕ್ಕೆ ಹಲ್ಲಿನ ಸಾಲು ಮುಕ್ಕಾಗದೆ ಕೈಗೆ ಬಂತು. ಸಾಹೇಬರು ಅದನ್ನು ತೊಳೆದು ಹಾಕಿಕೊಂಡು, ಮುಖವನ್ನು ಮತ್ತೆ ತುಂಬಿಸಿಕೊಂಡು, ಏನೂ ಆಗದವರ ಹಾಗೆ ಅಂಗಳಕ್ಕೆ ನಡೆದರು. ಹಿಂದೆ ಕುದುರೆ, ಕುದುರೆಯ ಕೆಳಗೆ ನಾವು.

ಅಮ್ಮಾವ್ರ ಕೈಯನ್ನು ಹಿಡಿದು ಎಡಗಿವಿಯ ಮೇಲೆ ಇಟ್ಟರು. ಸುಕ್ಕುಗಟ್ಟಿದ ಬೆರಳು ಮೆಲ್ಲಗೆ ಹರಿದಾಡಿತು. ಒಂದು, ಎರಡು, ಮೂರು, ನಾಲ್ಕು. ಅಲ್ಲಿ ನಿಲ್ಲಲಿಲ್ಲ.

“ನಾಲ್ಕಿತ್ತಲ್ಲೋ ಮಗಾ. ಇಲ್ಲಿ ಹತ್ತಿದೆ?”

ಸಾಹೇಬರು ಕರವಸ್ತ್ರವನ್ನು ಮತ್ತೆ ಬಾಯಿಗೆ ಒತ್ತಿದರು. “ದೊಡ್ಡವನಾಗಿದ್ದೀನಲ್ಲಮ್ಮಾ.”

“ಹೌದಲ್ವಾ” ಎಂದರು ಅಮ್ಮಾವ್ರು. ಡೈರೆಕ್ಟರ್ ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಆದ್ದರಿಂದ ಮೊದಲು ಅವರೇ ಚಪ್ಪಾಳೆ ತಟ್ಟಿದರು. ಉಳಿದವರೆಲ್ಲ ಅವರ ಕೈ ನೋಡಿಕೊಂಡು ತಟ್ಟಿದರು.

ಸಮಾರಂಭ ಮುಗಿದು ಜನ ಏಳುವ ಹೊತ್ತಿಗೆ ಮೋಡ ಕಟ್ಟಿ ನಾಲ್ಕು ಹನಿ ಬಿದ್ದವು. ಸಾಹೇಬರು ಜಗುಲಿಯಿಂದ ಕೂಗಿದರು. “ಏಯ್, ಕುದುರೆನ ಒಳಗಿಡು!”

ಅವನು ಎರಡು ಹೆಜ್ಜೆ ಆ ಕಡೆ ಇಟ್ಟೇಬಿಟ್ಟ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು.

“ಎಲ್ಲಿಗ್ರೀ? ಇವತ್ತು ಭಾನುವಾರ.”

“ಕರೀತಿದಾರಲ್ಲೇ...”

“ಕರೀಲಿ. ಖಾಯಂ ನೌಕರರಿಗೆ ಭಾನುವಾರ ರಜ.”

ಅವನು ಸಾಹೇಬರನ್ನು ನೋಡಿದ, ಹೆಂಡತಿಯನ್ನು ನೋಡಿದ, ಕುದುರೆಯನ್ನು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ. ನಾವೂ ಮೆಟ್ಟಿಕೊಂಡೆವು. ಗೇಟು ದಾಟಿ ಹಿಂತಿರುಗಿ ನೋಡಿದರೆ, ಮೂವತ್ತೊಂದು ವರ್ಷದಿಂದ ಖಾಯಂ ಆಗಿರುವ ಹೆಡ್ ಕ್ಲರ್ಕು ಫೈಲುಗಳ ಚೀಲವನ್ನು ಒದ್ದೆ ನೆಲದ ಮೇಲಿಟ್ಟು, ಕುದುರೆಯ ಹೊಟ್ಟೆಯಡಿ ಎರಡೂ ಕೈ ತೂರಿಸಿ ಒಬ್ಬರೇ ಎತ್ತುತ್ತಿದ್ದರು. ಅದು ಮೇಲೇಳುತ್ತಿರಲಿಲ್ಲ. ಸುಮ್ಮನೆ ತೂಗುತ್ತಿತ್ತು.